‘ಸಂಕರ’ಶಬ್ದವೂ ಬೀಜಶಾಸ್ತ್ರದ ಕನ್ನಡವೂ

ಕೃಷಿಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಬರೆಯುವವರು ‘ಹೈಬ್ರಿಡ್’ ಎಂಬ ಆಂಗ್ಲಶಬ್ದಕ್ಕೆ ‘ಸಂಕರ’ವೆಂಬುದನ್ನು ಪ್ರತಿಶಬ್ದವಾಗಿ ಹಿಡಿದಿರುವರು. ಎರಡು ಸಸ್ಯತಳಿಗಳನ್ನು ಮನುಷ್ಯಪ್ರಯತ್ನದಿಂದ ಕೂಡಿಸುವ ಕ್ರಿಯೆಯು ‘ಕೃತಕ ಸಂಕರಣ’ವೆಂದೂ, ಅದರಿಂದ ಹುಟ್ಟಿದ ಬೀಜವು ‘ಸಂಕರ ಬೀಜ’ವೆಂದೂ, ಆ ಬೀಜದ ಸಂತತಿಯಲ್ಲಿ ಹಲವು ವರ್ಷ ಆಯ್ದು ನೆಲೆಗೊಳಿಸಿದ ತಳಿಯೂ ‘ಸಂಕರ ತಳಿ’ಯೆಂದೂ ಒಂದೇ ಹೆಸರಿನಿಂದ ವ್ಯವಹಾರವು ನಡೆಯುತ್ತಿರುವುದು. ಶಬ್ದವು ಸಂಸ್ಕೃತದ್ದು, ಉಚ್ಚಾರಣೆಗೆ ಸುಲಭವಾದುದು, ಪಾಠಪುಸ್ತಕದಲ್ಲಿ ಗಂಭೀರವಾಗಿ ಕಾಣತಕ್ಕುದು. ಆದರೆ ಈ ಮೂರು ಗುಣಗಳಿಂದಲೇ ಪರಿಭಾಷೆಯು ಸಿದ್ಧವಾಗದು. ಯಾವ ಪದಾರ್ಥವನ್ನು ಮಿಕ್ಕವುಗಳಿಂದ ಬೇರ್ಪಡಿಸಿ ತೋರಿಸಬೇಕೋ ಅದನ್ನು ಬೇರ್ಪಡಿಸದೆ ಹೋದಲ್ಲಿ, ಶಬ್ದವು ಎಷ್ಟು ಸುಂದರವಾಗಿದ್ದರೂ ಅತಿವ್ಯಾಪ್ತಿದೋಷಕ್ಕೆ ಗುರಿಯಾಗುವುದು. ‘ಸಂಕರ’ಕ್ಕೆ ಈ ದೋಷವು ಬಂದಿರುವುದು, ಅದರ ಫಲವನ್ನು ಉಣ್ಣುವವರು ಪಂಡಿತರಲ್ಲ, ಬಿತ್ತುವವರು.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯು ಕಡಲನ್ನು ಸೇರುವ ಸೀಮೆಯ ಕಾಗಾಲ, ಮಾಣಿಕಟ್ಟಾ ಮುಂತಾದ ಊರುಗಳ ಗಜನಿಭೂಮಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಗಜನಿಯೆಂದರೆ ಉಬ್ಬರದ ನೀರು ಏರಿಬರುವ ತಗ್ಗಿನ ಗದ್ದೆ. ಒಡ್ಡು ಕಟ್ಟಿ, ತೂಬಿನ ಬಾಗಿಲಿಂದ ಉಪ್ಪುನೀರನ್ನು ತಡೆದು, ಮುಂಗಾರಿನ ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ಅಲ್ಲಿ ಮೊಳಕೆಯೊಡೆದ ಭತ್ತವನ್ನು ಚೆಲ್ಲುವರು. ಕೊಯ್ಲಾದ ಮೇಲೆ ಬಾಗಿಲನ್ನು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟು ಮೀನು ಸೀಗಡಿಗಳನ್ನು ಹಿಡಿಯುವರು. ಈ ನೆಲದಲ್ಲಿ ತಲೆಮಾರುಗಳಿಂದ ಬಂದ ಭತ್ತದ ಹೆಸರು ‘ಕಗ್ಗ’. ಅದರಲ್ಲಿ ಕರಿಕಗ್ಗ, ಬಿಳಿಕಗ್ಗ ಎಂಬ ಭೇದಗಳುಂಟು. (ಸಾಹಿತ್ಯದ ಅಧ್ಯಾಪಕರಿಗೆ ‘ಕಗ್ಗ’ವೆಂದೊಡನೆ ೧೯೪೩ರಲ್ಲಿ ಪ್ರಕಟವಾದ ಡಿ. ವಿ. ಗುಂಡಪ್ಪನವರ ಕೃತಿಯು ನೆನಪಾಗುವುದು ಸಹಜ. ಕಾಗಾಲದಲ್ಲಿ ಅದು ಗಂಜಿಯಾಗಿ ಬಟ್ಟಲಿಗೆ ಬರುವ ವಸ್ತು.) ಕಗ್ಗದ ಪೈರು ಎತ್ತರವಾದುದು. ಅದು ಉಪ್ಪನ್ನು ಸಹಿಸುವುದು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದು, ಗೊಬ್ಬರವನ್ನು ಬೇಡದು, ಇಳುವರಿ ಮಾತ್ರ ಕಡಮೆ. ಗಜನಿಯಲ್ಲಿ ವರ್ಷಕ್ಕೆ ಭತ್ತದ ಬೆಳೆಯೊಂದೇ. ಮುಂದಿನ ವರ್ಷದ ಬೀಜವು ಈ ವರ್ಷದ ಕೊಯ್ಲಿನಲ್ಲಿಯೇ ಒದಗಬೇಕು. ಕಡಲಕರೆಯ ತೇವದ ಹವೆಯಲ್ಲಿ ಭತ್ತದ ಬೀಜವು ಬಹುಕಾಲ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳದಾದುದರಿಂದ, ಕೆಲವು ವರ್ಷ ಬಿತ್ತದೆ ಬಿಟ್ಟ ತಳಿಯು ಆ ಊರಿನ ಪಾಲಿಗೆ ಹೋಯಿತೆಂದೇ ಎಣಿಸಬೇಕು.

ಇಂತಹ ಬೇಸಾಯಗಾರನ ಮುಂದೆ ಹೊಸ ಭತ್ತವೊಂದನ್ನು ತಂದಿಟ್ಟಾಗ ಅವನು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದುದು, ಇದರ ಬೀಜವನ್ನು ತೆಗೆದಿಡಬಹುದೆ, ಇಲ್ಲವೆ, ಎಂಬುದು. ‘ಇದು ಸಂಕರ’ ಎಂಬ ಉತ್ತರದಿಂದ ಅವನಿಗೆ ಏನೂ ತಿಳಿಯದು. ೧೯೬೬ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತಸಂಶೋಧನಸಂಸ್ಥೆಯಿಂದ ಹೊರಬಂದ ಐ.ಆರ್. ೮ ಎಂಬುದು ‘ಪೇಟಾ’ ಎಂಬ ಎತ್ತರದ ತಳಿಯನ್ನೂ ‘ಡೀ-ಜಿಯೊ-ವೂ-ಜೆನ್’ ಎಂಬ ಗಿಡ್ಡ ತಳಿಯನ್ನೂ ಕೂಡಿಸಿದುದರಿಂದ ಬಂದುದು. ೧೯೬೮ರ ‘ಜಯಾ’ ಭತ್ತವೂ ಹೀಗೆಯೇ ‘ತೈಚುಂಗ್ ನೇಟಿವ್ ೧’ ಮತ್ತು ‘ಟಿ. ೧೪೧’ ಎಂಬುವುಗಳ ಕೂಟದಿಂದ ಹುಟ್ಟಿದುದು. ಇವೆರಡರ ಮೂಲವೂ ಸಂಕರವೇ. ಆದರೆ ಸಂಕರದ ಬಳಿಕ ತಲೆಮಾರು ತಲೆಮಾರಾಗಿ ಆಯ್ದು ನೆಲೆಗೊಳಿಸಿದುದರಿಂದ ಇವುಗಳ ಬೀಜವನ್ನು ಶುದ್ಧವಾಗಿ ಉಳಿಸಿಕೊಂಡರೆ ಮರುವರ್ಷವೂ ಅದೇ ಪೈರು ಬರುವುದು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಕ್ಷೇತ್ರದಿಂದ ೧೯೯೬ರಲ್ಲಿ ಬಂದ ಕೆ.ಆರ್.ಎಚ್. ೨ ಎಂಬ ಭತ್ತದ ಸ್ಥಿತಿಯೇ ಬೇರೆ. ಅದು ಮೊದಲ ತಲೆಮಾರಿನ ಬೀಜ. ಪ್ರತಿವರ್ಷವೂ ತಂದೆತಾಯಿಗಳನ್ನು ಹೊಸದಾಗಿ ಕೂಡಿಸಿಯೇ ಅದನ್ನು ಪಡೆಯಬೇಕು. ಅದರ ಕೊಯ್ಲಿನಿಂದ ತೆಗೆದಿಟ್ಟ ಬೀಜವನ್ನು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ; ಒಂದು ಮುಂಚೆ ಹಣ್ಣಾಗುವುದು, ಒಂದು ತಡವಾಗಿ; ಕೆಲವು ತೆನೆಗಳಲ್ಲಿ ಜೊಳ್ಳೇ ಹೆಚ್ಚು. ಜಯಾಕ್ಕೂ ಕೆ.ಆರ್.ಎಚ್. ೨ಕ್ಕೂ ‘ಸಂಕರ’ವೆಂಬ ಒಂದೇ ಹಣೆಪಟ್ಟಿಯನ್ನು ಕಟ್ಟುವ ಭಾಷೆಯು ಬೇಸಾಯಗಾರನಿಂದ ಒಂದು ಕಡೆ ಅನಾವಶ್ಯಕವಾಗಿ ಹಣವನ್ನು ಕೀಳುವುದು, ಇನ್ನೊಂದು ಕಡೆ ಅವನ ವರ್ಷದ ಕೂಳನ್ನೇ ಕೆಡಿಸುವುದು.

ಲೋಕವ್ಯವಹಾರದಲ್ಲಂತೂ ಈ ಶಬ್ದದ ಹರಹು ಇನ್ನೂ ದೊಡ್ಡದು. ಬಯಲುಸೀಮೆಯವರು ‘ನಾಟಿ’ಗೆ ಪ್ರತಿಯಾಗಿಯೂ ಉತ್ತರದವರು ‘ಜವಾರಿ’ಗೆ ಪ್ರತಿಯಾಗಿಯೂ ‘ಹೈಬ್ರಿಡ್’ ಎನ್ನುವರು. ಟೊಮೇಟೋ, ಕೋಳಿ, ಹಸು, ಯಾವುದು ಹೊರಗಿನಿಂದ ಬಂತೋ, ಯಾವುದರಲ್ಲಿ ರುಚಿ ಕಡಮೆಯಾಯಿತೋ ಅದೆಲ್ಲವೂ ಹೈಬ್ರಿಡ್ಡೇ. ಕಸಿಮಾಡಿದ ಮಾವಿನ ಗಿಡಕ್ಕೂ ಈ ಹೆಸರು ಬರುವುದುಂಟು. ಕಸಿಯಲ್ಲಿ ಬೀಜದ ಕೂಟವೇ ಇಲ್ಲ, ಒಂದು ಮರದ ಕಡ್ಡಿಯು ಇನ್ನೊಂದರ ಬುಡದ ಮೇಲೆ ತನ್ನತನವನ್ನು ಬಿಡದೆ ಬೆಳೆಯುವುದು. ನೈಯಾಯಿಕರ ಪರಿಭಾಷೆಯಲ್ಲಿ ಇದು ಸಾಕ್ಷಾತ್ ಸಾಂಕರ್ಯ. ಉದಯನಾಚಾರ್ಯರು ಜಾತಿಬಾಧಕಗಳನ್ನು ಎಣಿಸುವಾಗ ಸಂಕರವನ್ನೂ ಒಂದಾಗಿ ಎಣಿಸಿರುವರು: ಪರಸ್ಪರ ಬಿಟ್ಟಿರಬಲ್ಲ ಎರಡು ಧರ್ಮಗಳು ಒಂದೆಡೆ ಕಲೆತು ಕಂಡರೆ ಅವುಗಳನ್ನು ಜಾತಿಯೆಂದು ಒಪ್ಪಲಾಗದು. ‘ಹೊಸತನ’, ‘ಬೀಜ ಹಿಡಿಯದಿರುವಿಕೆ’ ಎಂಬೆರಡು ಧರ್ಮಗಳೂ ಹಾಗೆಯೇ: ಜಯಾದಲ್ಲಿ ಮೊದಲನೆಯದು ಮಾತ್ರ ಇದ್ದಿತು; ಕೆ.ಆರ್.ಎಚ್. ೨ರಲ್ಲಿ ಎರಡೂ ಕಲೆತುವು. ಕಲೆತುದನ್ನೊಂದನ್ನೇ ನೋಡಿ ಹೆಸರಿಟ್ಟವರು ಇವನ್ನು ಒಂದೆಂದೇ ಭ್ರಮಿಸಿದರು. ಸಂಕರವನ್ನು ಹೇಳುವ ಶಬ್ದಕ್ಕೇ ಸಾಂಕರ್ಯದೋಷವು ತಗಲಿದುದು ವಿನೋದವಲ್ಲವೆ?

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದು ಶಬ್ದದ ಒಳಗೇ ಇರುವುದು. ರುಯ್ಯಕನ ‘ಅಲಂಕಾರಸರ್ವಸ್ವ’ವನ್ನೂ ಅಪ್ಪಯ್ಯ ದೀಕ್ಷಿತರ ‘ಕುವಲಯಾನಂದ’ವನ್ನೂ ಪಾಠಹೇಳಿದವರಿಗೆ ಸಂಸೃಷ್ಟಿ-ಸಂಕರಗಳ ಭೇದವು ಸುಪರಿಚಿತವಾದುದು. ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಎಳ್ಳೂ ಅಕ್ಕಿಯೂ ಬೆರೆತಂತೆ ಬೇರೆಬೇರೆಯಾಗಿ ಕಾಣುತ್ತಿದ್ದರೆ ಸಂಸೃಷ್ಟಿ, ಇದು ತಿಲತಂಡುಲನ್ಯಾಯ. ಹಾಲೂ ನೀರೂ ಬೆರೆತಂತೆ ಬೇರ್ಪಡಿಸಲಾಗದೆ ಕೂಡಿದ್ದರೆ ಸಂಕರ, ಇದು ನೀರಕ್ಷೀರನ್ಯಾಯ. ಶಾಸ್ತ್ರದಲ್ಲಿ ಹೀಗೆ ನಿಯತವಾದ ಅರ್ಥವುಳ್ಳ ಪದವನ್ನು ಬೀಜಶಾಸ್ತ್ರಕ್ಕೆ ತಂದವರು, ಅಲ್ಲಿ ನಡೆಯುವುದು ಹಾಲುನೀರಿನ ಬೆರಕೆಯೋ ಎಳ್ಳಕ್ಕಿಯ ಬೆರಕೆಯೋ ಎಂದು ವಿಚಾರಿಸಬೇಕಾಗಿದ್ದಿತು.

ಈ ವಿಚಾರವು ಪಾಶ್ಚಾತ್ಯವಿಜ್ಞಾನದ ಇತಿಹಾಸದಲ್ಲಿ ಬಹು ಬೆಲೆಯುಳ್ಳದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಂದಿ ವಿದ್ವಾಂಸರು ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಹಾಲುನೀರಿನಂತೆಯೇ ಬೆರೆಯುವುವೆಂದು ನಂಬಿದ್ದರು. ಈ ನಂಬಿಕೆಯನ್ನೇ ಹಿಡಿದು ಫ್ಲೀಮಿಂಗ್ ಜೆಂಕಿನ್ ಎಂಬಾತನು ೧೮೬೭ರಲ್ಲಿ ಡಾರ್ವಿನ್ನನ ಮೇಲೆ ಪೂರ್ವಪಕ್ಷವನ್ನು ಹೂಡಿದನು: ಒಂದು ಪ್ರಾಣಿಯಲ್ಲಿ ಒಳ್ಳೆಯ ಗುಣವೊಂದು ಹೊಸದಾಗಿ ತಲೆದೋರಿದರೂ ತಲೆಮಾರಿನಿಂದ ತಲೆಮಾರಿಗೆ ನೀರಾಗುತ್ತ ಹೋಗಿ ಅದು ಅಡಗದೆ? ಇದರ ಪರಿಹಾರವು ಅದಕ್ಕೆ ಮೊದಲೇ, ೧೮೬೫ರಲ್ಲಿ, ಬ್ರನ್ ಪಟ್ಟಣದ ಮಠದಲ್ಲಿದ್ದ ಗ್ರೆಗರ್ ಮೆಂಡೆಲನಿಂದ ಹೊರಟಿದ್ದಿತು. ೧೮೬೬ರಲ್ಲಿ ಅಚ್ಚೂ ಆಯಿತು. ೧೯೦೦ರವರೆಗೆ ಅದರ ಬೆಲೆಯನ್ನು ಲೋಕವು ಅರಿಯಲಿಲ್ಲ. ಅವನು ಉರುಟಾದ ಬಟಾಣಿಯನ್ನು ಸುಕ್ಕುಗಟ್ಟಿದ ಬಟಾಣಿಯೊಡನೆ ಕೂಡಿಸಿದನು. ಮೊದಲ ತಲೆಮಾರಿನಲ್ಲಿ ಬಂದುವೆಲ್ಲ ಉರುಟೇ. ಸುಕ್ಕು ಹಾಲಿನಲ್ಲಿ ನೀರಿನಂತೆ ಅಡಗಿಹೋಯಿತು. ಆದರೆ ಆ ಗಿಡಗಳನ್ನು ತಮ್ಮಷ್ಟಕ್ಕೆ ಬೀಜ ಕಟ್ಟಲು ಬಿಟ್ಟಾಗ, ಎರಡನೆಯ ತಲೆಮಾರಿನಲ್ಲಿ ೫೪೭೪ ಉರುಟು ಕಾಳುಗಳೂ ೧೮೫೦ ಸುಕ್ಕುಕಾಳುಗಳೂ ದೊರೆತುವು. ಸುಕ್ಕು ಕರಗಿರಲಿಲ್ಲ, ಅಜ್ಜಿಯಲ್ಲಿದ್ದಂತೆಯೇ ಮೊಮ್ಮಗಳಲ್ಲಿ ಹೊರಬಂದಿತು. ಬೆರೆತುದು ಎಳ್ಳೂ ಅಕ್ಕಿಯೂ. ಹಾಲುನೀರೆಂಬುದು ಮೊದಲ ನೋಟದ ಭ್ರಾಂತಿ.

ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಸಸ್ಯಗಳ ಕೂಟವು ರೂಪದಲ್ಲಿ ಸಂಕರ, ವಸ್ತುತಃ ಸಂಸೃಷ್ಟಿ. ಇದು ಕೇವಲ ಶಬ್ದಚಮತ್ಕಾರವಲ್ಲ. ಎಳ್ಳಕ್ಕಿಯಂತೆ ಬೇರ್ಪಡುವುದರಿಂದಲೇ ಎರಡನೆಯ ತಲೆಮಾರಿನಿಂದ ಬೇಕಾದ ಗಿಡಗಳನ್ನು ಆರಿಸಿ ನೆಲೆಯ ತಳಿಯನ್ನು ಕಟ್ಟಲು ಸಾಧ್ಯವಾಗುವುದು. ಬೇರ್ಪಡುವುದರಿಂದಲೇ ಮೊದಲ ತಲೆಮಾರಿನ ಬೀಜವನ್ನು ಉಳಿಸಿಕೊಂಡವನ ಗದ್ದೆಯು ಕೆಡುವುದು. ಗುಣವೂ ದೋಷವೂ ಒಂದೇ ನಿಯಮದಿಂದ ಬರುತ್ತಿವೆ. ಹಾಲುನೀರೆಂದು ಕಲಿತ ವಿದ್ಯಾರ್ಥಿಗೆ ಎರಡರಲ್ಲಿ ಒಂದೂ ಅರ್ಥವಾಗದು. ಕೇರಳದ ಹಿನ್ನೀರಿನ ‘ಪೊಕ್ಕಾಳಿ’ ಭತ್ತದ ನಿದರ್ಶನವು ಗಜನಿಗೆ ಸಮೀಪವಾದುದು. ಅದೂ ಕಗ್ಗದಂತೆ ಉಪ್ಪನ್ನು ಸಹಿಸುವ ನಾಡತಳಿ. ಅದನ್ನು ಉಪ್ಪಿಗೆ ಸೋಲುವ ಐ.ಆರ್. ೨೯ರೊಡನೆ ಕೂಡಿಸಿ, ಸಂತತಿಯಲ್ಲಿ ಆರಿಸುತ್ತ ಹೋಗಿ, ಎಫ್.ಎಲ್. ೪೭೮ ಎಂಬ ಉಪ್ಪುಸಹಿಷ್ಣುವಾದ ಸಾಲನ್ನು ಪಡೆದಿರುವರು. ಆ ಸಹಿಷ್ಣುತೆಗೆ ಕಾರಣವಾದ ಭಾಗವೊಂದು ಭತ್ತದ ಒಂದನೆಯ ವರ್ಣತಂತುವಿನಲ್ಲಿ ಇದೆಯೆಂದು ಗುರುತಿಸಿ ‘ಸಾಲ್ಟಾಲ್’ ಎಂದು ಹೆಸರಿಟ್ಟಿರುವರು. ಅಕ್ಕಿಯ ರಾಶಿಯಿಂದ ಎಳ್ಳುಕಾಳನ್ನು ಹೆಕ್ಕಿದಂತೆಯೇ ಇದು. ಹಾಲುನೀರಾಗಿದ್ದರೆ ಹೆಕ್ಕುವುದೇನನ್ನು? (ಬಣ್ಣವನ್ನು ಹೀರಿ ಸೂಕ್ಷ್ಮದರ್ಶಕಕ್ಕೆ ಗೋಚರಿಸುವುದರಿಂದ ಅದು ‘ವರ್ಣತಂತು’, ಇಲ್ಲಿನ ವರ್ಣವು ಧರ್ಮಶಾಸ್ತ್ರದ್ದಲ್ಲ.)

ಇನ್ನು ಕ್ರಿಯೆಯ ಪರಿಭಾಷೆಯನ್ನು ನೋಡತಕ್ಕುದು. ಭತ್ತದ ಹೂವು ಬಹು ಚಿಕ್ಕದು; ಹೊಟ್ಟಿನ ಎರಡು ಸಿಪ್ಪೆಗಳ ನಡುವೆ ಆರು ಕೇಸರಗಳೂ ಒಂದು ಅಂಡಾಶಯವೂ ಅಡಗಿರುವುವು. ಹೂವು ಬೆಳಗಿನ ಹೊತ್ತು ಏರಿದಾಗ ಸ್ವಲ್ಪ ಕಾಲ ಮಾತ್ರ ಬಾಯ್ದೆರೆಯುವುದು. ಅಷ್ಟರಲ್ಲಿ ತನ್ನ ಪರಾಗವೇ ತನ್ನ ಮೇಲೆ ಉದುರಿ ಕಾರ್ಯವು ಮುಗಿದುಹೋಗುವುದು. ಆದುದರಿಂದ ಸಂಕರವನ್ನು ಮಾಡುವವನು ಹೂವಿಗಿಂತ ಮೊದಲೇ ಏಳಬೇಕು. ಹೊಡೆಯಿಂದ ಹೊರಬಂದ ತೆನೆಯನ್ನು ಆರಿಸಿ, ಹಿಂದಿನ ಸಂಜೆಯೋ ನಸುಕಿನಲ್ಲಿಯೋ ಪ್ರತಿಯೊಂದು ಹೂವಿನ ಸಿಪ್ಪೆಯ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಸಣ್ಣ ಚಿಮಟದಿಂದ ಆರು ಕೇಸರಗಳನ್ನೂ ಒಡೆಯದಂತೆ ತೆಗೆಯುವನು. ತೆನೆಯನ್ನು ಅದರ ಗಿಡದ ಮೇಲಿರುವಂತೆಯೇ ಸುಮಾರು ೪೩ ಡಿಗ್ರಿ ಉಷ್ಣದ ನೀರಿನಲ್ಲಿ ಐದು ಹತ್ತು ನಿಮಿಷ ಅದ್ದಿ ಪರಾಗವನ್ನು ಮಾತ್ರ ಸಾಯಿಸುವ ಕ್ರಮವೂ ಉಂಟು. ಬಳಿಕ ತೆನೆಗೆ ಕಾಗದದ ಚೀಲವನ್ನು ತೊಡಿಸುವರು. ಮರುದಿನ ತಂದೆಯ ತಳಿಯ ತೆನೆಯನ್ನು ತಂದು ಮೇಲೆ ಕೊಡಹುವರು. ಸುಮಾರು ಒಂದು ತಿಂಗಳಿಗೆ ಕಾಳು ಬಲಿಯುವುದು. ಸಿಪ್ಪೆಯ ತುದಿ ಕತ್ತರಿಸಿಹೋಗಿರುವುದರಿಂದ ಅದು ಅರೆಬೆತ್ತಲೆಯಾಗಿಯೇ ಬೆಳೆಯುವುದು. ಒಂದು ತೆನೆಯ ಶ್ರಮಕ್ಕೆ ದೊರೆಯುವುದು ಕೆಲವೇ ಕಾಳು.

ಈ ಕೇಸರ ತೆಗೆಯುವ ಕೆಲಸಕ್ಕೆ ‘ನಪುಂಸಕೀಕರಣ’ ಎಂದು ಬರೆಯುವುದುಂಟು. ಈ ಪದವು ವ್ಯಾಕರಣಕ್ಕೂ ವಸ್ತುವಿಗೂ ವಿರುದ್ಧವಾದುದು. ಭತ್ತದ ಹೂವು ಸ್ವಭಾವತಃ ಉಭಯಲಿಂಗಿ. ಅದರಿಂದ ಪುರುಷಾಂಶವನ್ನು ತೆಗೆದಾಗ ಉಳಿಯುವುದು ನಪುಂಸಕವಲ್ಲ, ಸ್ತ್ರೀ. ತಾಯಿಯಾಗಲೆಂದೇ ನಡೆದ ಸಂಸ್ಕಾರಕ್ಕೆ ನಪುಂಸಕತ್ವವನ್ನು ಆರೋಪಿಸುವುದು ಯಾವ ನ್ಯಾಯ? ‘ನಿರ್ವೀರ್ಯೀಕರಣ’ವೂ ಇದರ ಸೋದರನೇ. ‘ಕೇಸರಚ್ಛೇದ’ವೆಂದರೆ ಸಾಕು; ‘ಕೇಸರ ತೆಗೆಯುವುದು’ ಎಂದರೆ ಅದಕ್ಕಿಂತಲೂ ಮೇಲು. ಅಡಕೆಗೂ ತೆಂಗಿಗೂ ಅದೂ ಬೇಡ. ಅವುಗಳಲ್ಲಿ ಗಂಡುಹೂಗಳೂ ಹೆಣ್ಣುಹೂಗಳೂ ಬೇರೆಬೇರೆಯಾಗಿಯೇ ಇರುವುವು. ಹೊನ್ನಾವರ ಕುಮಟೆಗಳ ತೋಟಿಗರಿಗೆ ತಿಳಿದಿರುವಂತೆ ಅಡಕೆಯ ಸಿಂಗಾರದಲ್ಲಿ ಗಂಡುಹೂಗಳು ಎಸಳಿನ ತುದಿಯ ಕಡೆ ಅಸಂಖ್ಯವಾಗಿಯೂ ಹೆಣ್ಣುಹೂಗಳು ಬುಡದ ಕಡೆ ಕೆಲವಾಗಿಯೂ ಇರುವುವು. ಗಂಡು ಉದುರಿದ ಮೇಲೆ ಹೆಣ್ಣು ಅರಳುವುದು. ಗಂಡುಹೂಗಳನ್ನು ಸವರಿ ಚೀಲ ಕಟ್ಟಿ ಬೇರೆ ಮರದ ಪರಾಗವನ್ನು ತಂದು ಹಾಕಿದರೆ ಕೂಟವು ಸಿದ್ಧ. ಸುಮಂಗಳ, ಮೋಹಿತ್‌ನಗರ ಎಂಬ ತಳಿಗಳ ಪರಾಗವನ್ನು ಹಿರೇಹಳ್ಳಿ ಗಿಡ್ಡ ತಳಿಗೆ ಕೂಡಿಸಿ ವಿಟ್ಲದ ಕೇಂದ್ರದಲ್ಲಿ ಪಡೆದ ಅಡಕೆಗಳೂ, ೧೯೩೨ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ಎತ್ತರದ ತೆಂಗಿಗೆ ಗಿಡ್ಡ ತೆಂಗನ್ನು ಕೂಡಿಸಿ ಪಡೆದ ಸಸಿಗಳೂ ಈ ಬಗೆಯವು.

ಪ್ರಾಚೀನಗ್ರಂಥಗಳಲ್ಲಿ ಈ ವಿದ್ಯೆಯು ಇದ್ದಿತೆಂದು ಸಾಧಿಸಹೊರಡುವವರಿಗೆ ಇಲ್ಲಿ ಒಂದು ಮಾತು ಅವಶ್ಯಕ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಕಾಂಡವನ್ನು ನೆಟ್ಟು ಬೆಳೆಸುವ ಕ್ರಮವೂ, ಒಂದರ ಮೇಲೊಂದನ್ನು ಕೂಡಿಸುವ ಕಸಿಯ ಕ್ರಮವೂ ಉಂಟು. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕನ್ನಡದಲ್ಲಿಯೇ ವೃಕ್ಷಾಯುರ್ವೇದದ ಭಾಗವಿರುವುದು. ಇವು ಅಭಿಮಾನಕ್ಕೆ ಯೋಗ್ಯವಾದುವು. ಆದರೆ ಕಸಿಯು ಸಂಕರವಲ್ಲ. ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಒಯ್ದು ಹೊಸ ತಳಿಯನ್ನು ಹುಟ್ಟಿಸುವ ವಿಧಾನವನ್ನು ಈ ಗ್ರಂಥಗಳ ತಲೆಗೆ ಕಟ್ಟುವುದು ಅಭಿಮಾನದ ಹೆಸರಿನಲ್ಲಿ ಗ್ರಂಥಕ್ಕೆ ಮಾಡಿದ ಅಪಚಾರ.

ಹಾಗಾದರೆ ‘ಸಂಕರ’ವನ್ನು ಬಿಟ್ಟುಬಿಡಬೇಕೆ? ಬಿಡಲು ಕಾರಣಗಳಿಲ್ಲದಿಲ್ಲ. ಭಗವದ್ಗೀತೆಯ ಪ್ರಥಮಾಧ್ಯಾಯವನ್ನು ಓದಿದವನ ಕಿವಿಯಲ್ಲಿ ಈ ಶಬ್ದವು ನರಕದ ಹೆದರಿಕೆಯೊಡನೆ ಸೇರಿಕೊಂಡಿರುವುದು. ತಾಯಿ ಯಾವುದು ತಂದೆ ಯಾವುದೆಂಬ ಭೇದವು ಬೀಜಶಾಸ್ತ್ರದಲ್ಲಿ ಮುಖ್ಯವಾದುದು. ತಾಯಿಯ ಹೆಸರನ್ನು ಮೊದಲು ಬರೆಯುವುದು ಸಂಪ್ರದಾಯ. ಇದಕ್ಕಾಗಿ ‘ಅನುಲೋಮ’, ‘ಪ್ರತಿಲೋಮ’ ಎಂಬ ಪದಗಳನ್ನೂ ಸ್ಮೃತಿಗಳಿಂದ ತರಬಹುದೆಂದು ಯಾರಿಗಾದರೂ ತೋರೀತು, ಅದು ಕೂಡದು. ಭತ್ತದಲ್ಲಿ ಉತ್ತಮಾಧಮಭಾವವಿಲ್ಲ, ಉಪ್ಪಿನ ಗದ್ದೆಯಲ್ಲಿ ಕಗ್ಗವು ಕುಲೀನ, ಸಿಹಿನೀರಿನ ಗದ್ದೆಯಲ್ಲಿ ಜಯಾ ಕುಲೀನ. ಇತ್ತ ಅಚ್ಚಗನ್ನಡದ ‘ಬೆರಕೆ’ಗೆ ಹೋದರೆ ಇನ್ನೊಂದು ವಿಪತ್ತು: ಪೇಟೆಯಲ್ಲಿ ‘ಬೆರಕೆ ಬೀಜ’ವೆಂದರೆ ಕಲಬೆರಕೆಯ ಮೋಸದ ಬೀಜ. ಹನ್ನೆರಡನೆಯ ಶತಮಾನದಲ್ಲಿ ನಯಸೇನನು ಕನ್ನಡದಲ್ಲಿ ಸಕ್ಕದವನ್ನು ತುರುಕುವುದನ್ನು ತುಪ್ಪವನ್ನೂ ಎಣ್ಣೆಯನ್ನೂ ಬೆರಸುವುದಕ್ಕೆ ಹೋಲಿಸಿ ಹಳಿದನು. ಅವನ ಮತದಂತೆ ನಡೆದರೆ ‘ಸಂಕರತಳಿ’ಯೆಂಬ ಪದವೇ ನಿಲ್ಲಲಾರದು, ಪೂರ್ವಪದ ಸಂಸ್ಕೃತ, ಉತ್ತರಪದ ಕನ್ನಡ, ಸ್ಪಷ್ಟವಾದ ಅರಿಸಮಾಸ. ಆದರೆ ಅರಿಸಮಾಸಗಳಲ್ಲಿ ರೂಢಿಗೆ ಬಂದುವನ್ನು ಕೇಶಿರಾಜನೂ ಪೂರ್ತಿ ತಳ್ಳಿಹಾಕಲಿಲ್ಲ. ರೂಢಿಯು ಬಲವತ್ತರವಾದುದು. ಪದವು ಇರಲಿ, ಅದರ ಎಲ್ಲೆಯು ಗೊತ್ತಾಗಲಿ.

ಆ ಎಲ್ಲೆಯನ್ನು ಹೀಗೆ ಹಾಕಬಹುದು. ಮೊದಲ ತಲೆಮಾರಿನದಾಗಿ, ಪ್ರತಿಸಲವೂ ಹೊಸದಾಗಿ ಕೂಡಿಸಿಯೇ ಪಡೆಯತಕ್ಕ ಬೀಜಕ್ಕೆ ಮಾತ್ರ ‘ಸಂಕರಬೀಜ’ವೆಂಬ ಹೆಸರು ಸಲ್ಲತಕ್ಕುದು; ಅಲ್ಲಿ ಗುಣಗಳು ಹಾಲುನೀರಿನಂತೆ ಕಾಣುವುದರಿಂದ ಆಲಂಕಾರಿಕರ ಅರ್ಥಕ್ಕೂ ಹೆಚ್ಚು ಬಾಧೆಯಿಲ್ಲ. ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಹೊರತಂದ ‘ವರಲಕ್ಷ್ಮಿ’ ಹತ್ತಿಯು ಇದಕ್ಕೆ ಉತ್ತಮ ಉದಾಹರಣೆ. ಸಂಕರದಿಂದ ಹುಟ್ಟಿ, ಆಯ್ಕೆಯಿಂದ ನಿಂತು, ಬೀಜ ಹಿಡಿದರೂ ಬದಲಾಗದ ಜಯಾದಂತಹುದಕ್ಕೆ ‘ನೆಲೆತಳಿ’ಯೆನ್ನಬಹುದು, ಮೂಲವನ್ನು ಹೇಳಬೇಕಾದಾಗ ‘ಸಂಕರಮೂಲದ ನೆಲೆತಳಿ’ಯೆಂದರೆ ಆಯಿತು. ಕಗ್ಗದಂತಹವು ‘ನಾಡತಳಿ’ಗಳು. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ಬೇಸಾಯಗಾರನಿಗೆ ಮಾನ್ಯಮಾಡಿ ‘ರೈತರ ತಳಿ’ಯೆಂಬ ವರ್ಗವನ್ನೇ ಬೇರೆಯಾಗಿ ಎಣಿಸಿರುವುದು, ಸಂರಕ್ಷಿತ ತಳಿಯ ಬೀಜವನ್ನು ಹೆಸರು ಮುದ್ರೆಗಳೊಡನೆ ಮಾರುವುದೊಂದೇ ಅದರಲ್ಲಿ ಕೂಡದು. ಕಾನೂನಿನಲ್ಲಿರುವ ಭೇದವು ಪಾಠಪುಸ್ತಕದ ಕನ್ನಡದಲ್ಲಿ ಇಲ್ಲದಿರುವುದು ಕನ್ನಡಕ್ಕೆ ಶಕ್ತಿಯಿಲ್ಲವೆಂದಲ್ಲ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು, ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯವಿಷಯಕವಾಗಿದ್ದೂ ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನು ಪಡೆಯಿತು.

ಕಡೆಯದಾಗಿ ಒಂದು ಪದ. ಭತ್ತದಲ್ಲಿ ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ತೆಗೆದು ಗದ್ದೆಗಳಿಗಾಗುವಷ್ಟು ಸಂಕರಬೀಜವನ್ನು ಪಡೆಯುವುದು ಅಸಾಧ್ಯ. ೧೯೭೦ರಲ್ಲಿ ಚೀನದ ಹೈನಾನ್ ದ್ವೀಪದಲ್ಲಿ ಯುವಾನ್ ಲಾಂಗ್‌ಪಿಂಗರ ಸಂಗಡಿಗರಿಗೆ ಪರಾಗವೇ ಬಲಿಯದ ಕಾಡುಭತ್ತವೊಂದು ದೊರೆತು, ಅದರ ಸಂತತಿಯಿಂದ ಕೇಸರ ತೆಗೆಯುವ ಕೆಲಸವೇ ಬೇಡವಾದ ತಾಯಿಸಾಲುಗಳು ಬಂದುವು, ಕೆ.ಆರ್.ಎಚ್. ೨ರ ತಾಯಿಯೂ ಇಂತಹುದೇ. ಈ ಸಾಲಿಗೆ ‘ಬಂಜೆ ಸಾಲು’ ಎಂದು ಹೆಸರಿಡುವುದು ‘ನಪುಂಸಕೀಕರಣ’ದಷ್ಟೇ ತಪ್ಪು. ಬಂಜೆಯೆಂದರೆ ಹೆರದವಳು, ಈ ಸಾಲಾದರೋ ಹೆರುವುದು, ಬೀಜವನ್ನೆಲ್ಲ ಹೊರುವುದು ಅದೇ. ಇಲ್ಲದುದು ಪರಾಗ ಮಾತ್ರ. ಬೀಜ ಬೆಳೆಸುವ ಹೊಲಗಳಲ್ಲಿ ದುಡಿಯುವವರು ಇದನ್ನು ‘ಹೆಣ್ಣು ಸಾಲು’ ಎನ್ನುವರು, ಪಕ್ಕದಲ್ಲಿ ಪರಾಗಕ್ಕಾಗಿ ನೆಟ್ಟುದನ್ನು ‘ಗಂಡು ಸಾಲು’ ಎನ್ನುವರು. ಗ್ರಂಥಕಾರರು ಆ ಎರಡು ಪದಗಳನ್ನು ಇದ್ದಂತೆಯೇ ತೆಗೆದುಕೊಳ್ಳಬಹುದು.